ಸುಣ್ಣದ ಗೆರೆ ಅಳಿಸಿದ ದಿನ

ಪರಮಪೂಜ್ಯ ನಿಂಬಮ್ಮ ತಾಯಿಯವರಿಗೆ ಮಠ ಎಂಬುದೊಂದು ಇರಲಿಲ್ಲ. ಹಿರೇಬಾವಿಯ ನೇಕಾರ ಓಣಿಯ ಕೊನೆಗೆ, ಯಾರೋ ಬಿಟ್ಟುಹೋದ ಮಗ್ಗದ ಮನೆಯೊಂದರಲ್ಲಿ ಅವರು ವಾಸವಾಗಿದ್ದರು. ನೇಯುವವರು ಕಾಲು ಇಳಿಬಿಟ್ಟು ಕೂಡುವ ಕುಣಿ ನಡುಮನೆಯಲ್ಲಿ ಹಾಗೆಯೇ ಇತ್ತು. ತಾಯಿಯವರು ಅದರೊಳಗೆ ಇಳಿದು ಕುಳಿತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಪೂಜೆ ಮುಗಿದರೆ ಅಲ್ಲೇ ಕುಳಿತು ಹತ್ತಿ ಬಿಡಿಸುತ್ತಿದ್ದರು. ಬಂದ ಭಕ್ತರು ಮೇಲೆ, ತಾಯಿಯವರು ಕೆಳಗೆ. ಹೊಸಬರಿಗೆ ಇದು ಬಹಳ ಇರಿಸುಮುರಿಸು. ಪಾದ ಮುಟ್ಟಬೇಕೆಂದರೆ ಪಾದವೇ ಕಾಣುತ್ತಿರಲಿಲ್ಲ. "ನನ್ನ ಕಾಲು ಹುಡಕಬ್ಯಾಡ್ರಿ, ಕೂಡ್ರಿ. ಉಂಡೀರೇನು?" ಎಂಬುದೇ ತಾಯಿಯವರ ಮೊದಲ ಮಾತು.

ಜೋಳಿಗೆಗೆ ಬಂದ ಹಿಟ್ಟು, ನುಚ್ಚು, ಕಾಳು ಎಲ್ಲವೂ ಅಂಗಳದ ಬೇವಿನ ಮರದ ಕೆಳಗೆ ದಾಸೋಹವಾಗುತ್ತಿತ್ತು. ಆದರೆ ಊಟ ಒಂದಾದರೂ ಪಂಕ್ತಿ ಬೇರೆ ಬೇರೆ. ಕಟ್ಟೆಯ ಮೇಲೆ ಗೌಡರ ಮನೆಯವರು, ಊರ ಹಿರಿಯರು. ಅಂಗಳದಲ್ಲಿ ಒಕ್ಕಲಿನವರು, ನೇಕಾರರು. ಗಂಡಸರೆಲ್ಲ ಎದ್ದ ಮೇಲೆ ಹೆಂಗಸರು. ಕೇರಿಯ ಜನ ಹೊರಗೆ, ಬೇಲಿಯಾಚೆ, ತಮ್ಮ ತಮ್ಮ ತಾಟು ಹಿಡಿದು. ತಾಯಿಯವರಂಥವರು ಇದನ್ನು ಹೇಗೆ ಸಹಿಸಿದರು ಎಂದು ಕೇಳುವವರಿದ್ದಾರೆ. ಸಹಿಸಲಿಲ್ಲ. ಬಂದ ಹೊಸತರಲ್ಲೇ ಒಂದು ದಿನ ಎಲ್ಲರನ್ನೂ ಕೂಡಿ ಕೂಡಿಸಿದ್ದರು. ಅಂದು ಅರ್ಧ ಊರು ಎಲೆ ಬಿಟ್ಟು ಎದ್ದು ಹೋಯಿತು. ಹೆದರಿ ಮೊದಲು ಎದ್ದವರು ಕೇರಿಯವರೇ, ಅದೂ ಹಸಿದುಕೊಂಡೇ. ಅಂದು ಸಂಜೆ ತಾಯಿಯವರು ಕುಣಿಯೊಳಗೆ ಕುಳಿತು ಅತ್ತರಂತೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಎಲ್ಲರಿಗೂ ಉಣಿಸಿ, ಕಡೆಗೆ ತಮ್ಮ ತಾಟು ತೆಗೆದುಕೊಂಡು ಹೋಗಿ ಬೇಲಿಯಾಚೆ ಕುಳಿತು ಉಣ್ಣುತ್ತಿದ್ದರು.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ದೊಡ್ಡ ಜ್ವರ ಬಂತು. ಕೆಮ್ಮು, ನಡುಕ, ಎದೆ ಬಿಗಿತ. ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಹಾಸಿಗೆ ಹಿಡಿಯುತ್ತಿದ್ದ. ಹೊರಲು ನಾಲ್ಕು ಜನ ಸಿಗದೆ ಹೆಣಗಳು ಮನೆಯಲ್ಲೇ ಉಳಿದ ದಿನಗಳೂ ಇದ್ದವು. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗಬಾರದು ಎಂದು ಸರಕಾರದ ಡಾಕ್ಟರರು ಚಾವಡಿಯಲ್ಲಿ ಹೇಳಿ ಹೋದರು. ದಾಸೋಹ ನಿಲ್ಲಿಸಬೇಕು ಎಂದರು ಹಿರಿಯರು.

ತಾಯಿಯವರು ನಿಲ್ಲಿಸಲಿಲ್ಲ. ಒಂದು ಮಡಕೆಯಲ್ಲಿ ಸುಣ್ಣ ಕಲಸಿಕೊಂಡು ಬಂದು ಅಂಗಳದ ತುಂಬ, ಬೇಲಿ ಕಿತ್ತು ಅದರಾಚೆಯೂ, ಒಂದೊಂದು ಮಾರು ಬಿಟ್ಟು ಗುಂಡಗೆ ಗೆರೆ ಎಳೆದರು. ಒಂದು ಗೆರೆಯೊಳಗೆ ಒಬ್ಬರು. "ಯಾವ ಗೆರಿ ಖಾಲಿ ಐತಿ, ಬಂದಾವರು ಅದರಾಗ ಕೂಡ್ರಿ. ಎದ್ದಾವರು ತಮ್ಮ ಎಲಿ ತಾವ ಎತ್ತರಿ" ಎಂದರು. ಅಷ್ಟೇ. ಕುದಿಸಿದ ನೀರು ಒಂದೇ ಹಂಡೆಯದು. ಜನಕ್ಕೆ ಜಾತಿಗಿಂತ ಜ್ವರದ ಭಯ ಹೆಚ್ಚಾಗಿತ್ತು. ಮೇಲಾಗಿ, ಯಾರಿಗೂ ಯಾರೂ ತಾಗದ ಮೇಲೆ ಮಡಿವಂತರಿಗೂ ತಕರಾರು ಮಾಡಲು ಏನಿತ್ತು? ಹೀಗಾಗಿ ಬಡಿಗೇರ ಕಾಳಪ್ಪನ ಎಡಕ್ಕೆ ಕೇರಿಯ ಮುದುಕ, ಬಲಕ್ಕೆ ಶೆಟ್ಟರ ಸೊಸೆ. ಹೆಂಗಸರು ಹಸಿವಾದಾಗ ಬಂದು ಬಿಸಿ ಇದ್ದಾಗಲೇ ಉಂಡರು. ಇದನ್ನೆಲ್ಲ ನನಗೆ ಹೇಳಿದ ನಮ್ಮ ದೊಡ್ಡವ್ವ, "ಬಿಸಿ ನುಚ್ಚು ಹೆಂಗಿರತೈತಿ ಅಂತ ನನಗ ಗೊತ್ತಾಗಿದ್ದ ಆವಾಗ ನೋಡಪಾ" ಅನ್ನುತ್ತಿದ್ದಳು.

ಜ್ವರ ಬಂದು ವಾಸಿಯಾದವರನ್ನು ತಾಯಿಯವರು ಕೆಲಸಕ್ಕೆ ಹಚ್ಚಿದರು. ಗಂಜಿಯ ಗಡಿಗೆ ಹೊತ್ತು ಮನೆಮನೆಗೆ ಹೋಗುವುದು, ಮಲಗಿದವರಿಗೆ ಕುಡಿಸುವುದು. ಕೇರಿಯ ಕರೆವ್ವ ಅವರಲ್ಲಿ ಒಬ್ಬಳು. ಗಂಡನನ್ನು ಅದೇ ಜ್ವರಕ್ಕೆ ಕಳೆದುಕೊಂಡವಳು.

ಇನ್ನು ಊರಿನ ಅಡಿವೆಪ್ಪಗೌಡರ ಮಾತು. ಜ್ವರ ಊರು ಹೊಕ್ಕ ಸುದ್ದಿ ಬರುತ್ತಲೇ ಗೌಡರು ತಮ್ಮ ಹೆತ್ತ ತಾಯಿ, ತಮ್ಮಂದಿರು, ಮಕ್ಕಳನ್ನು ಗಾಡಿಗೆ ಹತ್ತಿಸಿ ದೂರದ ತೋಟದ ಮನೆಗೆ ಹೊರಟರು. ಹೊರಡುವ ದಿನವೇ ಹೆಂಡತಿ ಕಾಶವ್ವನಿಗೆ ಮೈ ಸುಡತೊಡಗಿತು. ಮಕ್ಕಳಿಗೆ ತಾಗೀತು ಎಂದು ಹಿರಿಯ ಗೌಡತಿ ಹಟ ಹಿಡಿದರು. ಆಳುಗಳು ನೋಡಿಕೊಳ್ಳುತ್ತಾರೆ ಎಂದು ಗೌಡರು ಗಾಡಿ ಹೊಡೆಸಿದರು. ಆಳುಗಳು ಅದೇ ಸಂಜೆ ಓಡಿಹೋದರು. ಗೌಡರನ್ನು ನಾನು ದೂರುವುದಿಲ್ಲ, ಆ ಕಾಲದಲ್ಲಿ ಎಂಥೆಂಥವರು ಎಂಥೆಂಥದು ಮಾಡಿದರೋ. ಆದರೆ ಕಾಶವ್ವ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ, ನೀರು ಕೊಡುವವರಿಲ್ಲದೆ ಬಿದ್ದಿದ್ದಳು ಎಂಬುದು ಸತ್ಯ.

ಗಡಿಗೆ ಹೊತ್ತು ಹೋಗುತ್ತಿದ್ದ ಕರೆವ್ವನಿಗೆ ನರಳುವುದು ಕೇಳಿಸಿತು. ಅವಳು ಹೊಸ್ತಿಲ ಹೊರಗೇ ನಿಂತಳು. "ಗೌಡತೆವ್ವಾರ, ನಾ ಕೇರಿ ಕರೆವ್ವ. ಒಳಗ ಬರಲೇನ್ರಿ?" ಎಂದು ಕೇಳಿದಳು. ಸಾಯುವವಳನ್ನು ಉಳಿಸಲಿಕ್ಕೂ ಅಪ್ಪಣೆ ಕೇಳಬೇಕಾದ ಊರು ನಮ್ಮದು. ಒಳಗಿನಿಂದ "ಬಾ" ಎಂಬ ಒಂದು ಸಣ್ಣ ದನಿ ಬಂತು. ಕಾಶವ್ವ ಎದ್ದು ಕೂಡುವವರೆಗೂ ಕರೆವ್ವ ಆ ಮನೆ ಬಿಟ್ಟು ಕದಲಲಿಲ್ಲ. ಗಂಜಿ ಕುಡಿಸಿದಳು, ಮೈ ಒರೆಸಿದಳು, ಹೊಲಸು ಬಳಿದಳು.

ಗುಣವಾಗುತ್ತಿರುವಾಗ ಕಾಶವ್ವ ತಾಯಿಯವರ ಹೆಸರಿನಲ್ಲಿ ಹರಕೆ ಹೊತ್ತಳು. ತಾಯಿಯವರ ಅಂಗಳದಲ್ಲಿ ಊರಿಗೆಲ್ಲ ಗೋಧಿ ಹುಗ್ಗಿ ಉಣಿಸಬೇಕು, ಕರೆವ್ವನ ಮಗ್ಗುಲಲ್ಲಿ ಕುಳಿತು ತಾನೂ ಪ್ರಸಾದ ಸ್ವೀಕರಿಸಬೇಕು. ಅಲ್ಲಿಯವರೆಗೆ ಕರೆವ್ವ ಕೊಟ್ಟ ಗಂಜಿಯ ಹೊರತು ಬೇರೆ ಏನೂ ಬಾಯಿಗೆ ಇಡುವುದಿಲ್ಲ.

ಊರಿನ ಜ್ವರ ಇಳಿಯಿತು. ಗೌಡರ ಮನೆ ಮತ್ತೆ ತುಂಬಿತು. ಕಾಶವ್ವ ಮಾತ್ರ, ಕರೆವ್ವ ದಿನಾಲೂ ಹಿತ್ತಲ ಬಾಗಿಲಿಗೆ ತಂದುಕೊಡುವ ಗಂಜಿಯನ್ನೇ ಕುಡಿಯುತ್ತ ಉಳಿದಳು. ಬೇನೆ ತಿಂದು ಬಿಟ್ಟ ಮೈ, ಗಂಜಿಗೆ ತುಂಬಿಕೊಳ್ಳುವುದೆಲ್ಲಿ ಬಂತು? ಗೋಡೆ ಹಿಡಿದು ನಡೆಯುವಂತಾಯಿತು. ವೈದ್ಯರು, "ಹಿಂಗಾದ್ರ ಉಳಿಯೂದಿಲ್ಲ, ಗೌಡ್ರ" ಎಂದು ನೇರವಾಗಿ ಹೇಳಿದರು. ಗೌಡರು ಬೇಡಿದರು, ಬೈದರು, ಮಕ್ಕಳನ್ನು ಮುಂದೆ ನಿಲ್ಲಿಸಿದರು. ಕಾಶವ್ವ, "ಹರಕಿ ತೀರಸ್ರಿ, ಉಣ್ಣತೀನಿ" ಎಂದಷ್ಟೇ ಹೇಳಿದಳು.

ಗೌಡರು ತಾಯಿಯವರ ಬಳಿ ಬಂದರು. ಅವರಿಗೆ ತಾಯಿಯವರ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಕುಣಿಯಲ್ಲಿ ಕೂಡುವ ಮುದುಕಿ ಊರು ಕೆಡಿಸಿದಳು ಎಂದು ಚಾವಡಿಯಲ್ಲಿ ಆಡಿದ್ದೂ ಉಂಟು.

"ಅವ್ವಾರ, ಊರಿಗೆಲ್ಲಾ ಹುಗ್ಗಿ ಉಣಸತೀನಿ. ಕರೆವ್ವಗ ಸೀರಿ ಕೊಡತೀನಿ, ಕಾಳು ಕೊಡತೀನಿ, ಬೇಕಂದ್ರ ಆಕಿಗೊಂದು ಮನಿ ಕಟ್ಟಸತೀನಿ. ಮಗ್ಗಲಿಗೆ ಕೂಡೂದೊಂದು ಬ್ಯಾಡ. ಬೀಗರು ಬರತಾರ, ನಾ ಮಾರಿ ಹೆಂಗ ತೋರಸ್ಲಿ? ಆ ಹರಕಿ ನೀವ ಬಿಡಸ್ರಿ."

ತಾಯಿಯವರು ಹತ್ತಿ ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಹರಕಿ ಹೊತ್ತಾಗ ಆಕಿ ಹತ್ತರ ನೀನೂ ಇದ್ದಿಲ್ಲ, ನಾನೂ ಇದ್ದಿಲ್ಲ, ಅಡಿವೆಪ್ಪಾ. ಇದ್ದಾಕಿನ್ನ ಕೇಳು" ಎಂದರು.

ಗೌಡರ ಮುಖ ಕಪ್ಪಿಟ್ಟಿತು. ಎದ್ದು ಹೋದರು. ಆದರೆ ಹುಗ್ಗಿಯ ದಿನ ಗೊತ್ತು ಮಾಡಿದರು, ಏಕೆಂದರೆ ಹೆಂಡತಿ ಕಣ್ಣೆದುರಿಗೇ ಕರಗುತ್ತಿದ್ದಳು. ಹರಕೆಯೂ ತೀರಬೇಕು, ಮರ್ಯಾದೆಯೂ ಉಳಿಯಬೇಕು. ಅದಕ್ಕೊಂದು ಉಪಾಯ ಮಾಡಿದರು. ರೋಗ ಹೋದ ಮೇಲೆ ನೆಲ ಶುದ್ಧಿ ಮಾಡುವುದು ಪದ್ಧತಿಯಲ್ಲವೇ? ಅಂದು ಬೆಳಿಗ್ಗೆ ಆಳುಗಳಿಂದ ಅಂಗಳವನ್ನೆಲ್ಲ ದಪ್ಪಗೆ ಸಗಣಿಯಿಂದ ಸಾರಿಸಿಬಿಟ್ಟರು. ಸುಣ್ಣದ ಗೆರೆ ಒಂದೂ ಉಳಿಯಲಿಲ್ಲ. ಕಟ್ಟೆಯ ಮೇಲೆ ಮೊದಲಿನಂತೆ ಸಾಲಾಗಿ ಮಣೆ ಹಾಕಿಸಿದರು. ಗೆರೆ ಹೋದರೆ ಜನ ತಾವಾಗಿಯೇ ಹಳೆಯ ಪಂಕ್ತಿಗೆ ಹೋಗುತ್ತಾರೆ, ಕರೆವ್ವನೂ ಬೇಲಿ ಇದ್ದ ಜಾಗದಾಚೆ ಹೋಗುತ್ತಾಳೆ, ಕಾಶವ್ವ ಹೆಂಗಸರ ಪಂಕ್ತಿಗೆ ಬರುತ್ತಾಳೆ, ಇಬ್ಬರೂ ಒಂದೇ ದಾಸೋಹದಲ್ಲಿ ಉಂಡರೆ ಹರಕೆ ತೀರಿತೆನ್ನಬಹುದು ಎಂಬುದು ಅವರ ಲೆಕ್ಕಾಚಾರ. ತಾಯಿಯವರು ಬಾಗಿಲಲ್ಲಿ ನಿಂತು ಸಾರಿಸುವುದನ್ನು ನೋಡಿದರು. "ಚಲೋ ಆತು, ಕಸಾ ಭಾಳಾಗಿತ್ತು" ಎಂದರು.

ಮಧ್ಯಾಹ್ನ ಜನ ಬಂತು. ಬಂದವರು ಬಂದ ಹಾಗೆ ಎಲೆ ತೆಗೆದುಕೊಂಡು ತಮ್ಮ ತಮ್ಮ ಜಾಗಕ್ಕೆ ಹೋಗಿ ಕುಳಿತರು. ಕಾಳಪ್ಪ ಬೇವಿನ ಬೇರಿನ ಹತ್ತಿರ, ಮುದುಕ ಅವನ ಎಡಕ್ಕೆ, ಶೆಟ್ಟರ ಸೊಸೆ ಬಲಕ್ಕೆ. ಗೆರೆಯಿಲ್ಲದಿದ್ದರೂ ನಡುವೆ ಸರಿಯಾಗಿ ಮಾರು ಜಾಗ. ಎಷ್ಟು ತಿಂಗಳು ಹಾಗೆ ಕುಳಿತಿದ್ದರೋ, ಮೈಗೆ ರೂಢಿಯಾಗಿಬಿಟ್ಟಿತ್ತು. ಯಾರೂ ಗೌಡರಿಗೆ ಎದುರು ನಿಲ್ಲಬೇಕೆಂದು ಮಾಡಿದ್ದಲ್ಲ. "ನಮಗ ಗೆರಿ ಅಳಿಸ್ಯಾವಂತ ಲಕ್ಷ್ಯನ ಇದ್ದಿಲ್ಲ" ಎನ್ನುತ್ತಿದ್ದಳು ನಮ್ಮ ದೊಡ್ಡವ್ವ. ಕರೆವ್ವ ಅಂಗಳದ ನಡುವೆ ಕುಳಿತಳು. ಕಾಶವ್ವ ಮಗಳ ಹೆಗಲು ಹಿಡಿದು ನಿಧಾನಕ್ಕೆ ಬಂದು, ಒಂದು ಮಾರು ಬಿಟ್ಟು, ಅವಳ ಮಗ್ಗುಲಿಗೆ ಕುಳಿತಳು. ಕಟ್ಟೆಯ ಮೇಲಿನ ಮಣೆಗಳಲ್ಲಿ ಬೀಗರು ಮಾತ್ರ ಇದ್ದರು. ಅವರು ಗೌಡರ ಕಡೆ ನೋಡಿದರು.

ಗೌಡರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ತಾಯಿಯವರ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ, "ಅವ್ವಾರ, ಜ್ವರ ಹೋತಲ್ಲ. ಇನ್ನ ಯಾಕ ಈ ಮಂದಿ ಹಿಂಗ ದೂರ ದೂರ ಕೂತೈತಿ? ನೀವರೆ ಹೇಳ್ರಿ" ಎಂದರು. ಎದ್ದು ಹಳೆಯ ಪಂಕ್ತಿಗೆ ಹೋಗಿರೆಂದು ತಾಯಿಯವರ ಬಾಯಲ್ಲೇ ಹೇಳಿಸಬೇಕೆಂಬುದು ಅವರ ಮನಸ್ಸು.

ತಾಯಿಯವರು ಅಂಗಳವನ್ನೊಮ್ಮೆ ನೋಡಿದರು. "ಗೌಡ ಖರೇ ಹೇಳ್ಯಾನ. ಜ್ವರ ಹೋತು. ಇನ್ನ ಹತ್ತರ ಕೂಡ್ರಿ" ಎಂದರು.

ಮೊದಲು ಸರಿದವಳು ಕಾಶವ್ವ. ಎಲೆಯನ್ನು ಎಡಗೈಯಲ್ಲಿ ಹಿಡಿದು, ನೆಲಕ್ಕೆ ಕೈ ಊರಿ ಸರಿದಳು, ಸರಿದಳು, ಮೊಣಕಾಲು ಕರೆವ್ವನ ಮೊಣಕಾಲಿಗೆ ತಾಗುವವರೆಗೆ. ಕರೆವ್ವ ಹಿಂದೆ ಸರಿಯಲು ನೋಡಿದಳು. ಕಾಶವ್ವ ಅವಳ ಸೀರೆಯ ಸೆರಗು ಹಿಡಿದುಕೊಂಡಳು. ಆಮೇಲೆ ಕಾಳಪ್ಪ ಸರಿದ. ಮುದುಕ ಸರಿದ. ಅಂಗಳವೆಲ್ಲ ಸರ್‌ಸರ್ ಎಂದು ಎಲೆಯ ಸದ್ದು. ಎದ್ದು ಹೋದವರು ಕೆಲವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಈ ಸಲ ಕೇರಿಯವರು ಯಾರೂ ಏಳಲಿಲ್ಲ.

ಹರಕೆಯ ಮನೆಯವರೇ ಮೊದಲು ನೀಡಬೇಕೆಂಬುದು ರೂಢಿ. ಗೌಡರು ಹುಗ್ಗಿಯ ಪಾತ್ರೆ ಹಿಡಿದು ಬಂದರು. ಸಿಟ್ಟಿತ್ತು, ನಾಚಿಕೆಯಿತ್ತು, ಯಾವುದು ಎಷ್ಟೆಂದು ಅವರಿಗೇ ಗೊತ್ತಿರಲಿಲ್ಲ. ಇಬ್ಬರ ಎದುರಿಗೆ ಬಂದು ಸೌಟು ಎತ್ತಿ ಹಾಗೇ ನಿಂತರು. ಕರೆವ್ವ ತಲೆಯೆತ್ತದೆ ಹೇಳಿದಳು: "ಗೌಡ್ರ, ಗೌಡತೆವ್ವಾರಿಗೆ ಮೊದಲ ನೀಡ್ರಿ. ಭಾಳ ಬಿಸಿ ಹಾಕಬ್ಯಾಡ್ರಿ, ಅವರಿಗೆ ಗಂಟಲಾಗ ಹುಣ್ಣು ಆಗ್ಯಾವು."

ಗೌಡರಿಗೆ ಅದು ತಿಳಿದಿರಲಿಲ್ಲ. ಒಂದೇ ಮನೆಯಲ್ಲಿದ್ದೂ ಹೆಂಡತಿಯ ಗಂಟಲಲ್ಲಿ ಹುಣ್ಣಾಗಿದೆ ಎಂಬುದು ತಿಳಿದಿರಲಿಲ್ಲ. ಸೌಟನ್ನು ಪಾತ್ರೆಗೆ ಇಳಿಸಿ ಅವರು ಮಗುವಿನ ಹಾಗೆ ಅತ್ತುಬಿಟ್ಟರು. ಅಷ್ಟು ಜನರ ಮುಂದೆ ಊರ ಗೌಡರು ಅತ್ತದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ತಾಯಿಯವರು ಸಮಾಧಾನ ಹೇಳಲು ಹೋಗಲಿಲ್ಲ. ಅತ್ತು ಮುಗಿದ ಮೇಲೆ ಪಾತ್ರೆಯನ್ನು ತಾವು ತೆಗೆದುಕೊಂಡು, ಒಂದು ಎಲೆಯನ್ನು ಅವರ ಕೈಯಲ್ಲಿಟ್ಟರು.

ಗೌಡರು ಕಟ್ಟೆಯ ಕಡೆ ನೋಡಲಿಲ್ಲ. ಎಲೆ ಹಿಡಿದು ನಿಂತು, "ಕರೆವ್ವಾ, ಇಲ್ಲೆ ಕೂಡ್ರಲೇನು?" ಎಂದು ಕೇಳಿದರು.

ಕರೆವ್ವ ಜಾಗ ಬಿಟ್ಟು ಸರಿದು, "ಬರ್ರಿ" ಎಂದಳು.

ಕಾಶವ್ವ ಅಂದು ಹುಗ್ಗಿ ಉಂಡಳು, ಆಮೇಲೆ ಬಹಳ ವರ್ಷ ಬಾಳಿದಳು. ಊರು ಒಂದೇ ದಿನದಲ್ಲಿ ಬದಲಾಯಿತು ಎಂದರೆ ಅದು ಸುಳ್ಳಾದೀತು. ಬಾವಿ ಒಂದಾಗಲು ಇನ್ನೂ ಒಂದು ತಲೆಮಾರು ಬೇಕಾಯಿತು. ಆದರೆ ತಾಯಿಯವರ ಅಂಗಳದಲ್ಲಿ ಪಂಕ್ತಿ ಮತ್ತೆ ಬರಲಿಲ್ಲ, ಕಿತ್ತ ಬೇಲಿ ಮತ್ತೆ ಹಾಕಲಿಲ್ಲ. ಅಡಿವೆಪ್ಪಗೌಡರು ಪ್ರತಿ ಸೋಮವಾರ ಬರುತ್ತಿದ್ದರು. ಊರಲ್ಲಿ ಅವರು ಎದುರು ಬಂದರೆ ಕುಳಿತವರೆಲ್ಲ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಮಾತ್ರ ಅವರು ಎಲೆ ಹಿಡಿದುಕೊಂಡು, ಪಕ್ಕದಲ್ಲಿರುವವರು ಯಾರೇ ಇರಲಿ, "ಕೂಡ್ರಲೇನು?" ಎಂದು ಕೇಳಿ, ಅವರು "ಬರ್ರಿ" ಎಂದ ಮೇಲೆಯೇ ಕೂಡುತ್ತಿದ್ದರು.