ಕೆಸರಿನ ಕಡೆ ತಿರುಗಿದ ಬಾಗಿಲು

"ಗುರುಗಳೇ, ತುಳಿಸಿಕೊಳ್ಳುವ ಕೆಲಸ ಯಾವಾಗಲೂ ಒಬ್ಬನ ಪಾಲಿಗೇ ಏಕೆ ಬರಬೇಕು?" ಎಂದು ಸಂಕಯ್ಯ ಕೇಳಿದ.

ಅವನ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಉತ್ತರ ಹಿಡಿಸದಿದ್ದರೆ ಮಠ ಬಿಟ್ಟು ಹೊರಡುವುದೆಂದು ನಿಶ್ಚಯಿಸಿಯೇ ಬಂದಿದ್ದ. ಶಿಷ್ಯನಾಗಿ ಸೇರಿದಂದಿನಿಂದ ದಾರಿಹೋಕರ ಛತ್ರ ಅವನ ತಲೆಗೇ ಬಂದಿತ್ತು. ಜ್ವರದವರು, ಜಗಳಗಂಟರು, ಕುಡಿದು ಬಂದವರು, ಸಾರಿಗೆ ಉಪ್ಪು ಸಾಲದೆಂದು ಎಲೆ ನೂಕುವವರು, ಎಲ್ಲರನ್ನೂ ಅವನೇ ಸಂಭಾಳಿಸಬೇಕು. ಉಳಿದ ಶಿಷ್ಯರು ಒಳಗೆ ಕುಳಿತು ನೆಮ್ಮದಿಯಾಗಿ ಓದುತ್ತಿದ್ದರು, ಹಾಡುತ್ತಿದ್ದರು. ಸಾಲದ್ದಕ್ಕೆ ಹೋದ ವರ್ಷ ಅವನ ಕೋಣೆಯನ್ನೂ ಬದಲಿಸಿ, ಗುರುಗಳ ಬಾಗಿಲಿಗೆ ನೇರ ಎದುರಿನದನ್ನು ಕೊಟ್ಟಿದ್ದರು. ತನ್ನ ಮೇಲೆ ನಂಬಿಕೆಯಿಲ್ಲದೆ ಕಣ್ಣಿಟ್ಟಿದ್ದಾರೆ ಎಂದೇ ಅವನು ತಿಳಿದಿದ್ದ.

"ಎಲ್ಲರಿಗೂ ಸಮನಾಗಿ ಹಂಚಿದರೆ ಆಗದೇ?" ಎಂದು ಮತ್ತೆ ಕೇಳಿದ.

ಗುರುಗಳು ಗಂಟನ್ನು ನೋಡಿದರು.

"ಕೂತುಕೋ. ಹಂದಿ ಸಾಕುವ ಒಬ್ಬ ರೈತನ ಕತೆ ಹೇಳುತ್ತೇನೆ. ಹಂದಿ ಎಂದ ಕೂಡಲೇ ಮೂಗು ಮುರಿಯಬೇಡ. ಅವಕ್ಕಿಂತ ಹೆಚ್ಚು ರಂಪ ಮಾಡುವವರನ್ನು ನೀನು ಛತ್ರದಲ್ಲಿ ನೋಡಿದ್ದೀಯೆ" ಎಂದು ಕತೆ ಶುರುಮಾಡಿದರು.

ಚಳಿಗಾಲದಲ್ಲೂ ಮಳೆ ಬಿಡದ ಒಂದು ಬೆಟ್ಟದ ಸೀಮೆ. ಅಲ್ಲೊಬ್ಬ ರೈತ. ಅವನಿಗೆ ಬೇಲಿ ಹಾಕಿದ ನಾಲ್ಕು ಹುಲ್ಲುಬಯಲು, ಒಂದು ಹಿಂಡು ಹಂದಿ. ರೈತ ನ್ಯಾಯವಂತ. ಒಂದೇ ಬಯಲು ಏಕೆ ಕೆಡಬೇಕೆಂದು, ಚಳಿಗಾಲದಲ್ಲಿ ಹಂದಿಗಳನ್ನು ಸರದಿಯ ಮೇಲೆ ನಾಲ್ಕೂ ಬಯಲಿಗೆ ಬಿಟ್ಟ. ನೆಲ ಒದ್ದೆ, ಮೇಲೆ ಹಂದಿಯ ಮೂತಿ, ಇನ್ನು ಕೇಳಬೇಕೆ? ಹುಲ್ಲನ್ನು ಬೇರುಸಹಿತ ಎಬ್ಬಿಸಿ ಹಾಕಿದವು. ಒಣ ಜಾಗವಿಲ್ಲದೆ ಮರಿಗಳು ನಡುಗಿ ಸತ್ತವು. ಬೇಸಿಗೆಗೆ ಮೇಯಲು ಒಂದೆಸಳು ಹುಲ್ಲು ಉಳಿಯಲಿಲ್ಲ. ರೈತ ಸಮನಾಗಿಯೇ ಹಂಚಿದ್ದ, ನಾಲ್ಕೂ ಸಮನಾಗಿಯೇ ಹಾಳಾಗಿದ್ದವು.

ಮರುವರ್ಷ ಅವನು ಪ್ರತಿ ಬಯಲಲ್ಲೂ ಹಾರೆ ಹಾಕಿ ನೋಡಿದ. ಮೂರರಲ್ಲಿ ಮೆತ್ತಗಿನ ಜೇಡಿಮಣ್ಣು. ಹಿತ್ತಿಲ ಕಡೆಯ ಬಯಲಲ್ಲಿ ಮಾತ್ರ ಹಾರೆ ಠಣ್ಣೆಂದಿತು, ಕೆಳಗೆಲ್ಲ ಕಲ್ಲು ಬೆರೆತ ಗಟ್ಟಿ ನೆಲ. ಚಳಿಗಾಲ ಪೂರ್ತಿ ಹಂದಿಗಳನ್ನು ಅಲ್ಲೇ ಇಟ್ಟ. ಮೇಲಿನಿಂದ ಇಳಿಯುವ ನೀರು ಪಕ್ಕಕ್ಕೆ ಹರಿಯಲು ಕಾಲುವೆ ತೋಡಿದ. ಎತ್ತರದ ಮೂಲೆಗೆ ಗುಡಿಸಲು ಹಾಕಿ ಅದರೊಳಗೆ ದಿನಾ ಒಣಹುಲ್ಲು ಹಾಸಿದ. ಮೇವು ಹಾಕುವ ಬಾನಿಯನ್ನು ಒಂದೇ ಕಡೆ ಇಡದೆ ಆಗಾಗ ಜರುಗಿಸಿದ. ಆದರೂ ಬಯಲು ಕೆಸರಾಗುವುದು ತಪ್ಪಲಿಲ್ಲ. ಆದರೆ ಮರಿಗಳು ಬೆಚ್ಚಗೆ ಮಲಗಿ ಬದುಕಿಕೊಂಡವು. ಬೇಸಿಗೆ ಬಂದಾಗ ಹಿಂಡನ್ನು ಹಸುರು ಬಯಲುಗಳಿಗೆ ಅಟ್ಟಿ, ಕೆಸರಿನ ಬಯಲಿಗೆ ಬಿಡುವು ಕೊಟ್ಟು, ಅದರಲ್ಲಿ ಕುಂಬಳದ ಬೀಜ ಊರಿದ. ಬಳ್ಳಿ ಬೇಲಿ ಹತ್ತಿ ಮನೆಯ ಮಾಡಿಗೂ ಹಬ್ಬಿತು.

ಮುಂದಿನ ಚಳಿಗಾಲದಲ್ಲಿ, ಹಂದಿಗಳು ಮತ್ತೆ ಅದೇ ಬಯಲಲ್ಲಿದ್ದಾಗ, ರೈತನ ಮಗಳನ್ನು ನೋಡಲು ಗಂಡಿನವರು ಬರುವುದಾಯಿತು. ಒಳ್ಳೆಯ ಸಂಬಂಧ. ಕೈತಪ್ಪಬಾರದೆಂದು ಮನೆಮಂದಿಗೆಲ್ಲ ಆಸೆ.

"ಇವತ್ತೊಂದು ದಿನ ಹಂದಿಗಳನ್ನ ಆ ಕಡೆ ಹೊಡೀರಿ, ಈ ಕೆಸರಿನ ಮೇಲೆ ಸೊಪ್ಪಾದ್ರೂ ಮುಚ್ಚೋಣ" ಎಂದಳು ಹೆಂಡತಿ. "ಮನೆ ಬಾಗಿಲನ್ನ ಬೇರೆ ಇದರ ಕಡೆಗೇ ತಿರುಗಿಸಿಟ್ಟಿದ್ದೀರಿ. ಬಂದೋರ ಮುಂದೆ ನಾನು ಹೇಗೆ ತಲೆ ಎತ್ತಲಿ?"

"ನಮ್ಮ ಮನೆ ಉಳಿಸಿದ್ದೇ ಅದು. ಅದನ್ನ ಮುಚ್ಚಿಟ್ಟರೆ ನಾನು ತಲೆ ಎತ್ತೋದು ಹೇಗೆ?" ಎಂದ ರೈತ.

ಗಂಡಿನವರು ಬಂದರು. ಗಂಡಿನ ಅಪ್ಪನೂ ಹಂದಿ ಸಾಕುವವನೇ. ಬೇಲಿಯ ಪಕ್ಕ ಬರುವಾಗ ಅವನ ಒಂದು ಮೆಟ್ಟು ಕೆಸರಿನಲ್ಲಿ ಸಿಕ್ಕಿಕೊಂಡಿತು. ಮುಖ ಹುಳ್ಳಗಾಯಿತು. ರೈತ ಮೆಟ್ಟನ್ನು ಕಿತ್ತು ತೊಳೆದುಕೊಟ್ಟ. ಕ್ಷಮೆ ಕೇಳಲಿಲ್ಲ. ಬನ್ನಿ ಎಂದು ಮನೆಯ ಆಚೆ ಬದಿಗೆ ಕರೆದುಕೊಂಡು ಹೋದ. ಅಲ್ಲಿ ಮೂರು ಬಯಲುಗಳಲ್ಲೂ ಹುಲ್ಲು ಮೊಣಕಾಲುದ್ದ ನಿಂತಿತ್ತು.

"ನಮ್ಮಲ್ಲಿ ಈ ದಿನಗಳಲ್ಲಿ ಒಂದು ಗರಿಕೆ ಇರೋದಿಲ್ಲ" ಎಂದು ಗಂಡಿನ ಅಪ್ಪ ಬೆರಗಾದ. "ಇಷ್ಟು ಚೆಂದದ ಹಸುರು ಇಟ್ಕೊಂಡು ಬಾಗಿಲನ್ನ ಕೆಸರಿನ ಕಡೆಗೆ ಯಾಕೆ ಇಟ್ರಿ?"

"ಮೊದಲು ಈ ಕಡೆಗೇ ಇತ್ತು. ನಾನೇ ಗೋಡೆ ಒಡೆದು ತಿರುಗಿಸಿದೆ" ಎಂದ ರೈತ, ಎದೆ ಸೆಟೆಸಿ. "ಈ ಮೂರು ನಾನು ನೋಡದಿದ್ರೂ ಬೆಳೀತವೆ. ಇವಕ್ಕಾಗಿ ತುಳಿಸಿಕೊಳ್ಳೋದು ಅದೊಂದೇ. ತಾಳೋ ಶಕ್ತಿ ಇರೋದೂ ಅದಕ್ಕೊಂದಕ್ಕೇ. ಬೆಳಗೆದ್ದು ಬಾಗಿಲು ತೆಗೆದ್ರೆ ನಾನು ಮೊದಲು ನೋಡಬೇಕಾದ್ದು ಅದನ್ನೇ."

ಗಂಡಿನ ಅಪ್ಪ ತಿರುಗಿ ಬಂದು ಬೇಲಿಯ ಬಳಿ ನಿಂತು ಆ ಕೆಸರನ್ನು ಇನ್ನೊಮ್ಮೆ ನೋಡಿದ. "ಇಂಥ ಮನೆಯ ಹುಡುಗಿ ನಮ್ಮನೆಗೆ ಬಂದರೆ ನಮ್ಮ ಪುಣ್ಯ" ಎಂದ. ಸಂಬಂಧ ಕೂಡಿಬಂತು.

ಕತೆ ಅಲ್ಲಿಗೆ ಮುಗಿಯಿತು. ಸಂಕಯ್ಯನ ಕೈ ಇನ್ನೂ ಗಂಟಿನ ಮೇಲೇ ಇತ್ತು.

"ಸಂಕಯ್ಯ, ಬೆಳಗೆದ್ದು ನಾನು ಬಾಗಿಲು ತೆರೆದರೆ ಎದುರಿಗೆ ಯಾರ ಕೋಣೆ ಇದೆ?" ಎಂದರು ಗುರುಗಳು.

ಸಂಕಯ್ಯ ಗಂಟನ್ನು ಎದುರಿನ ತನ್ನ ಕೋಣೆಯಲ್ಲೇ ಬಿಚ್ಚಿಟ್ಟು ಛತ್ರದ ಕಡೆ ನಡೆದ.