ಬದನೆ ಸಸಿಗೆ ಕಾವು ಕೂತ ಕೋಳಿ

ಒಂದು ಕಾಡಿನ ಗವಿಯಲ್ಲಿ ಕೆಂಚಿ ಎಂಬ ಕಾಡುಕೋಳಿ ಇದ್ದಳು. ಆ ವರ್ಷ ಅವಳ ಐದು ಮೊಟ್ಟೆಗಳನ್ನೂ ಹಾವು ನುಂಗಿತ್ತು. ಬರಿದಾದ ಗೂಡಿನ ಮೇಲೆ ಅವಳು ಹಗಲೆಲ್ಲ ಸುಮ್ಮನೆ ಕೂತಿರುತ್ತಿದ್ದಳು. ನೋಡಿದವರಿಗೆ ಕರುಳು ಚುರುಕ್ ಎನ್ನುತ್ತಿತ್ತು.

ಒಂದು ದಿನ ಆಮೆಯಜ್ಜಿ ಬಂದು ಒಂದು ಹಿಡಿ ಬದನೆ ಬೀಜ ಕೊಟ್ಟಳು.

"ಇವನ್ನು ಬೆಳೆಸು ಮಗಳೇ. ಹೊರಗೆ ಬಿತ್ತಿದರೆ ಮಳೆಗೆ ಕೊಚ್ಚಿಹೋಗುತ್ತವೆ, ನಿನ್ನ ಗವಿಯೊಳಗೇ ಬಿತ್ತು. ಅರ್ಧ ಬೀಜ ಮಾತ್ರ ಹಾಕು, ಅರ್ಧ ಎತ್ತಿಡು."

ಕೆಂಚಿ ಆಲದ ಬುಡದಿಂದ ಕಪ್ಪು ಮಣ್ಣು ತಂದಳು. ತೆಂಗಿನ ಕರಟಗಳಲ್ಲಿ ತುಂಬಿ ಬೀಜ ಬಿತ್ತಿದಳು. ವಾರ ಕಳೆಯುವುದರಲ್ಲಿ ಎಳೆ ಹಸಿರು ಸಸಿಗಳು ತಲೆಯೆತ್ತಿದವು. ಅವತ್ತು ಕೆಂಚಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ತಿಂದಳು.

ಪಕ್ಕದ ಬಿಲದಲ್ಲಿ ಒಬ್ಬ ಹೆಗ್ಗಣ ಇದ್ದ. ಕಾಡಿಗೆಲ್ಲ ತರಕಾರಿ ಸಸಿ ಕೊಡುತ್ತಿದ್ದವನು ಅವನೊಬ್ಬನೇ. ಒಂದು ಸಸಿಗೆ ಒಂದು ಹಿಡಿ ರಾಗಿ ವಸೂಲಿ ಮಾಡುತ್ತಿದ್ದ. ಕೋಳಿಯ ಸಸಿಗಳನ್ನು ನೋಡಿ ಅವನಿಗೆ ಹೊಟ್ಟೆ ಉರಿಯಿತು. ಆದರೆ ಮಾತೆಲ್ಲ ಬೆಲ್ಲ.

"ಎಳೆಗೂಸುಗಳು ತಂಗೀ, ಚಳಿಯಾಗುತ್ತೆ. ಗವಿಯ ಬಾಯಿ ಮುಚ್ಚು. ದಿನಕ್ಕೆ ಮೂರು ಸಲ ನೀರು ಹಾಕು. ಕಾವು ಕೂರೋದನ್ನ ನಿನಗೆ ಬೇರೆ ಹೇಳಿಕೊಡಬೇಕಾ?"

ಮೊಟ್ಟೆ ಕಳೆದುಕೊಂಡ ಕೋಳಿಗೆ ಇನ್ನೇನು ಬೇಕು? ಅವಳು ಗವಿಯ ಬಾಯಿಗೆ ಸೊಪ್ಪು ಒಡ್ಡಿದಳು. ಕರಟಗಳ ತುಂಬ ನೀರು ಸುರಿದಳು. ಆಮೇಲೆ ಎರಡೂ ರೆಕ್ಕೆ ಹರಡಿ ಅವುಗಳ ಮೇಲೆ ಮೂರು ದಿನ ಕಾವು ಕೂತಳು.

ನಾಲ್ಕನೆಯ ಬೆಳಗ್ಗೆ ರೆಕ್ಕೆ ಎತ್ತಿ ನೋಡಿದರೆ ಸಸಿಗಳೆಲ್ಲ ಮಲಗಿಬಿಟ್ಟಿದ್ದವು. ಬುಡ ಕೊಳೆತು ನೂಲಿನಷ್ಟು ಸಣ್ಣಗಾಗಿತ್ತು. ಮಣ್ಣಿನ ಮೇಲೆ ಬಿಳಿ ಬೂಷ್ಟು ಹಬ್ಬಿತ್ತು.

"ನಾನು ಕೂತಲ್ಲೆಲ್ಲ ಸಾವೇ ಅಜ್ಜೀ" ಎಂದು ಕೆಂಚಿ, ನೋಡಲು ಬಂದ ಆಮೆಯಜ್ಜಿಯ ಮುಂದೆ ಅತ್ತಳು.

ಅಜ್ಜಿ ಅವಳ ಪಕ್ಕ ಕೂತು, ಅಳು ನಿಲ್ಲುವ ತನಕ ಕಾದಳು.

"ನಿನ್ನಿಂದ ಸಾಯಲಿಲ್ಲ ಕಣೇ, ಬೂಷ್ಟಿನಿಂದ ಸತ್ತವು. ಒದ್ದೆ ಮಣ್ಣು, ಕತ್ತಲೆ, ಗಾಳಿಯಾಡದ ಜಾಗ ಸಿಕ್ಕರೆ ಅದಕ್ಕೆ ಹಬ್ಬ. ಮೊಟ್ಟೆಗೆ ಕಾವು ಬೇಕು, ಸಸಿಗೆ ಗಾಳಿ ಬೇಕು. ಅದೇ ರೆಕ್ಕೆ ಸಾಕು. ಮುಚ್ಚಬೇಡ, ಬೀಸು."

ಕೆಂಚಿ ಕಣ್ಣೊರೆಸಿಕೊಂಡು ಎದ್ದಳು. ಕೆಟ್ಟ ಮಣ್ಣನ್ನೆಲ್ಲ ಹೊರಗೆ ಸುರಿದಳು. ಕರಟ ತೊಳೆದು ಬಿಸಿಲಿಗಿಟ್ಟಳು. ನೀರು ಇಳಿದುಹೋಗಲೆಂದು ಕರಟದ ಕಣ್ಣು ಚುಚ್ಚಿ ತೂತು ಮಾಡಿದಳು. ಹೊಸ ಮಣ್ಣಿಗೆ ಮರಳು ಬೆರೆಸಿ, ಎತ್ತಿಟ್ಟಿದ್ದ ಬೀಜವನ್ನು ದೂರ ದೂರ ಬಿತ್ತಿದಳು. ಗವಿಯ ಬಾಯಿ ತೆರೆದಿಟ್ಟಳು. ಮೇಲ್ಮಣ್ಣು ಒಣಗಿದರೆ ಮಾತ್ರ ನೀರು. ಬೆಳಿಗ್ಗೆ ಸಂಜೆ ಹೊಸದಾಗಿ ಮೊಳೆತ ಸಸಿಗಳ ಮುಂದೆ ನಿಂತು ಮೆಲ್ಲಗೆ ರೆಕ್ಕೆ ಬೀಸುತ್ತಿದ್ದಳು.

ಹೊರಗೆ ಬಿದ್ದಿದ್ದ ಕಪ್ಪು ಮಣ್ಣಿನ ಮೇಲೆ ಹೆಗ್ಗಣನ ಕಣ್ಣು ಬಿತ್ತು.

"ಅದನ್ನ ಮುಟ್ಟಬೇಡಣ್ಣ, ರೋಗದ ಮಣ್ಣು" ಎಂದಳು ಕೆಂಚಿ.

ತಾನು ಕಳ್ಳ, ಪರರ ನಂಬ. ಒಳ್ಳೆ ಮಣ್ಣು ತನಗೆ ಸಿಗಬಾರದೆಂದು ಇವಳು ಸುಳ್ಳು ಹೇಳುತ್ತಾಳೆ ಎಂದುಕೊಂಡ ಹೆಗ್ಗಣ. ಅಷ್ಟನ್ನೂ ಬಿಲಕ್ಕೆ ಹೊತ್ತು ತನ್ನ ಸಸಿಗಳ ಬುಡಕ್ಕೆಲ್ಲ ಹಾಕಿದ. ವಾರದೊಳಗೆ ಅವನ ಬಿಲದಲ್ಲಿ ಒಂದೇ ಒಂದು ಸಸಿಯೂ ನಿಂತಿರಲಿಲ್ಲ.

ಕೆಂಚಿ ಹೇಳಿದ್ದು ನಿಜವೆಂದು ತಿಳಿದು ಅವನು ತಲೆ ತಗ್ಗಿಸಿ ಅವಳ ಗವಿಗೆ ಬಂದ. "ತಂಗೀ, ಅವತ್ತು ಮುಚ್ಚು ಅಂತ ಹೇಳಿದ್ದು ಬೇಕೆಂದೇ."

ಕೆಂಚಿಯ ರೆಕ್ಕೆ ನಿಂತಿತು. ಅವಳಿಗೆ ತುಂಬ ನೋವಾಯಿತು. ಆಮೇಲೆ ಸಸಿ ತುಂಬಿದ ಒಂದು ಕರಟ ಅವನ ಕಡೆ ಸರಿಸಿದಳು.

"ನಿನ್ನ ಮೇಲಿನ ಸಿಟ್ಟು ಇಳಿಯೋಕೆ ಇನ್ನೂ ದಿನ ಬೇಕು ಅಣ್ಣ. ಆದರೆ ಸಸಿಗಳು ಏನು ತಪ್ಪು ಮಾಡಿವೆ? ತಗೊಂಡು ಹೋಗು. ಬಿಲದ ಬಾಯಿ ತೆರೆದಿಡು."

ಹೆಗ್ಗಣನಿಗೆ ರೆಕ್ಕೆ ಎಲ್ಲಿಂದ ಬರಬೇಕು? ಮುತ್ತುಗದ ಎಲೆ ಹಿಡಿದು ಕೈ ಸೋಲುವ ತನಕ ಗಾಳಿ ಬೀಸಿದ. ಆ ಸಸಿಗಳು ಬೆಳೆದ ಮೇಲೆ ಕೇಳಿದವರಿಗೆಲ್ಲ ಕೊಟ್ಟ, ರಾಗಿ ಮಾತ್ರ ಕೇಳಲಿಲ್ಲ.

ಮರುವರ್ಷ, ಗವಿಯ ಮುಂದೆ ನೆಟ್ಟು ಬೆಳೆಸಿದ ಬದನೆ ಗಿಡಗಳ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಕೆಂಚಿ ಗೂಡು ಕಟ್ಟಿ ಮೊಟ್ಟೆಯಿಟ್ಟಳು. ಆಗ ಬೀಸುವುದನ್ನು ಬಿಟ್ಟು, ರೆಕ್ಕೆಯಿಂದ ಅವನ್ನು ಮುಚ್ಚಿ ಕಾವು ಕೂತಳು.

ನೀತಿ: ಸಾಕುವ ಪ್ರೀತಿ ಒಂದೇ ಆದರೂ ಒಂದೊಂದು ಜೀವಕ್ಕೆ ಬೇಕಾದದ್ದು ಒಂದೊಂದು, ಅದನ್ನು ತಿಳಿದು ಕೊಡಬೇಕು. ಇನ್ನೊಬ್ಬರ ಬುಡ ಕೊಳೆಯಲೆಂದು ಬಯಸಿದವನ ಬುಡವೇ ಕೊಳೆಯುತ್ತದೆ.