ಇಳಿಜಾರಿಗೆ ಹೆಸರು ಬಂದ ದಿನ

ಭೂಮಿ ಆಗಿನ್ನೂ ಹೊಸದು. ಗುಡ್ಡವಿಲ್ಲ, ತಗ್ಗಿಲ್ಲ, ಎಲ್ಲಿ ನೋಡಿದರೂ ಮಟ್ಟಸ. ಸುರಿದ ಮಳೆ ಸುರಿದಲ್ಲೇ ನಿಲ್ಲುತ್ತಿತ್ತು.

ಆ ಬಯಲಿನಲ್ಲಿ ಬೋರವ್ವ ಎಂಬ ಅಜ್ಜಿ ಇದ್ದಳು. ಜೊತೆಗೆ ಪುಟ್ಟ ಮೊಮ್ಮಗಳು ಚೆಲುವಿ. ಒಂದು ಸಲ ಮಳೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ನೀರು ಪಾದ ಮುಟ್ಟಿತು, ಮೊಣಕಾಲು ಮುಟ್ಟಿತು, ಚೆಲುವಿಯ ಸೊಂಟ ಮುಟ್ಟಿತು.

"ಎಲ್ಲಾದರೂ ಹೋಗಪ್ಪಾ ನೀರೇ," ಎಂದಳು ಬೋರವ್ವ.

"ಎಲ್ಲಿಗೆ ಹೋಗಲಜ್ಜಿ? ಯಾವ ಕಡೆ ನೋಡಿದರೂ ಒಂದೇ ಥರ ಇದೆ," ಎಂದಿತು ನೀರು.

ಬೋರವ್ವ ಬಗ್ಗಿ ನೆಲವನ್ನು ತಟ್ಟಿದಳು. "ಭೂಮಿತಾಯೀ, ಒಂದು ಮಗ್ಗುಲು ಚೂರು ಎತ್ತವ್ವಾ. ಮಗು ಮುಳುಗುತ್ತೆ."

ಚೂರು ಎಂದರೆ ಎಷ್ಟೆಂದು ಭೂಮಿತಾಯಿಗೆ ಹೇಗೆ ಗೊತ್ತಾಗಬೇಕು? ಹುಟ್ಟಿದಂದಿನಿಂದ ಅವಳು ಮಿಸುಕಾಡಿದ್ದೇ ಇಲ್ಲ. "ಆಗಲಿ ಮಗಳೇ," ಎಂದವಳೇ ಮೂಡಣದ ಮಗ್ಗುಲನ್ನು ದಡಕ್ಕನೆ ಮೇಲೆತ್ತಿಬಿಟ್ಟಳು.

ಬೋರವ್ವನ ಕಾಲ ಕೆಳಗಿನ ನೆಲವೇ ಓರೆಯಾಗಿತ್ತು! ಮಡಕೆ ಹೊರಟಿತು, ಒರಳುಕಲ್ಲು ಹೊರಟಿತು, ಮೇಕೆಗಳು ಬ್ಯಾ ಎನ್ನುತ್ತ ಹೊರಟವು. ನೀರು ಭೋರೆಂದು ಓಡಿತು. ನೀರು ಓಡುವುದನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಆ ನೀರಿನ ಜೊತೆ ಚೆಲುವಿಯೂ ಹೋಗುತ್ತಿದ್ದಳು.

"ಇಳಿ ತಾಯೀ, ಇಳಿ!" ಎಂದು ಬೋರವ್ವ ಚೀರಿದಳು.

"ಅಜ್ಜೀ, ಜಾರ್ತಾ ಇದ್ದೀನಿ!" ಕೆಳಗಿನಿಂದ ಚೆಲುವಿ ಕೂಗಿದಳು.

ಗಾಳಿ ಎರಡು ಕೂಗನ್ನೂ ಬಾಚಿಕೊಂಡು ಭೂಮಿತಾಯಿಯ ಕಿವಿಗೆ ಓಡಿತು. ಗಾಬರಿಯಲ್ಲಿ ಪೂರ್ತಿ ಹೇಳಲಾಗಲಿಲ್ಲ. "ಇಳಿ... ಜಾರು... ಇಳಿಜಾರು!" ಎಂದು ತೊದಲಿತು.

ಭೂಮಿತಾಯಿ ಬೆಚ್ಚಿಬಿದ್ದಳು. ಎತ್ತಿದ ಮಗ್ಗುಲನ್ನು ಮೆಲ್ಲಮೆಲ್ಲಗೆ ತಗ್ಗಿಸಿದಳು. ಚೆಲುವಿ ಒಂದು ಹೊಂಗೆಮರದ ಬೇರಿಗೆ ತಗುಲಿ ನಿಂತಳು.

"ಸಾಕು, ಅಲ್ಲೇ ನಿಲ್ಲು!" ಎಂದಳು ಬೋರವ್ವ. ಪೂರ್ತಿ ಇಳಿಸಿದರೆ ನೀರು ಮತ್ತೆ ತುಂಬುತ್ತದೆಂದು ಅವಳಿಗೆ ಹೊಳೆದಿತ್ತು. ಭೂಮಿತಾಯಿ ಉಸಿರು ಬಿಗಿಹಿಡಿದು ಹಾಗೇ ನಿಂತಳು.

ಬೋರವ್ವ ಕೂತುಕೊಂಡೇ ತೆವಳುತ್ತ ಕೆಳಗೆ ಬಂದು ಮಗುವನ್ನು ತಬ್ಬಿಕೊಂಡಳು. ಚೆಲುವಿ ಕೇಳಿದಳು: "ಅಜ್ಜೀ, ನೆಲ ಯಾಕೆ ಹಿಂಗಾಗಿದೆ? ಇದಕ್ಕೆ ಏನಂತಾರೆ?"

ಬೋರವ್ವನಿಗೂ ಗೊತ್ತಿರಲಿಲ್ಲ. ಗಾಳಿ ಮಾತ್ರ ಇನ್ನೂ ನಡುಗುತ್ತ ಅದನ್ನೇ ಹೇಳುತ್ತಿತ್ತು: "ಇಳಿಜಾರು, ಇಳಿಜಾರು."

ಅಂದಿನಿಂದ ಅದಕ್ಕೆ ಅದೇ ಹೆಸರು. ಭೂಮಿತಾಯಿ ಆ ಮಗ್ಗುಲನ್ನು ಇವತ್ತಿಗೂ ಪೂರ್ತಿ ಇಳಿಸಿಲ್ಲ. ಅದಕ್ಕೇ ಮಕ್ಕಳೇ, ಇಳಿಜಾರಿನ ದಾರಿಯಲ್ಲಿ ನೀವು ಮೆಲ್ಲಗೆ ನಡೆಯಹೊರಟರೂ ಕಾಲು ತಾನಾಗಿ ಓಡತೊಡಗುತ್ತದೆ, ಬಾಯಿಂದ "ಅಯ್ಯೋ" ಎಂದು ಬಂದೇಬಿಡುತ್ತದೆ.